ಕಪಾಟಿನಿಂದ ಕಿವಿಯವರೆಗೆ

2018ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ಲೂಯಿಸ್ ಕ್ಯಾರಲ್‌ನ ಆಲಿಸ್ ಕಾಣಿಸಿಕೊಂಡಳು. ಒಂದು ದಿನಕ್ಕೆ ಮಾಯವಾಗುವ ‘ಸ್ಟೋರಿ’ಗಳನ್ನೇ ಪುಸ್ತಕದ ಪುಟಗಳಂತೆ ಜೋಡಿಸಿ, ಖಾತೆಯಲ್ಲಿ ಉಳಿಯುವಂತೆ ಮಾಡಿದ್ದರು. ಪರದೆಯ ಕೆಳತುದಿಯಲ್ಲಿ ಹೆಬ್ಬೆರಳಿಗೆಂದೇ ಒಂದು ಜಾಗ. ಬೆರಳು ಒತ್ತಿ ಹಿಡಿದಷ್ಟು ಹೊತ್ತು ಪುಟ ನಿಲ್ಲುತ್ತದೆ, ಎತ್ತಿದೊಡನೆ ಮಗುಚಿಕೊಳ್ಳುತ್ತದೆ. ಇನ್‌ಸ್ಟಾ ನಾವೆಲ್ಸ್ ಎಂಬ ಈ ಮಾಲೆಯಲ್ಲಿ ಮುಂದೆ ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಅವರ ‘ದಿ ಯೆಲ್ಲೋ ವಾಲ್‌ಪೇಪರ್’ ಬಂತು, ಕಾಫ್ಕಾನ ‘ಮೆಟಮಾರ್ಫಸಿಸ್’ ಬಂತು. ಓದಿದವರು ಮೂರು ಲಕ್ಷಕ್ಕೂ ಹೆಚ್ಚು ಎಂದು ಗ್ರಂಥಾಲಯ ಹೇಳಿಕೊಂಡಿತು.

ಈ ಜಾಣ್ಮೆಯನ್ನು ಮೆಚ್ಚಲೇಬೇಕು. ಜನ ಎಲ್ಲಿ ಹೊತ್ತು ಕಳೆಯುತ್ತಾರೋ ಅಲ್ಲಿಗೇ ಪುಸ್ತಕ ಹೋಯಿತು. ಆದರೆ ಗ್ರಂಥಾಲಯದ ಪ್ರಚಾರವನ್ನು ತೂಗಲು ನೋಡುಗರ ಲೆಕ್ಕವೊಂದೇ ಸಾಲದು.

ಅದಕ್ಕೆ ಬೇಕಾದ ತಕ್ಕಡಿಯನ್ನು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಕೊಟ್ಟಿದ್ದಾರೆ. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದವರೂ ಅವರೇ. ಗ್ರಂಥಾಲಯಗಳಿಗಾಗಿ ಅವರು 1931ರಲ್ಲಿ ಮುಂದಿಟ್ಟ ಪಂಚಸೂತ್ರಗಳಲ್ಲಿ ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ಗ್ರಂಥಾಲಯ ತನ್ನ ಬಗ್ಗೆ ಪ್ರಚಾರ ಮಾಡಬೇಕು ಎಂಬುದನ್ನೂ ಅವರು ಈ ಸೂತ್ರದಡಿಯಲ್ಲೇ ಚರ್ಚಿಸುತ್ತಾರೆ. ಹಾಗಾದರೆ ಯಾವ ಹೊಸ ತಂತ್ರಜ್ಞಾನಕ್ಕೂ ಹಾಕಬೇಕಾದ ಪ್ರಶ್ನೆ ಇದು: ಯಾರ ಕೈಗೂ ಹೋಗದೆ ಕಪಾಟಿನಲ್ಲೇ ಕೂತಿದ್ದ ಪುಸ್ತಕವನ್ನು ಅದು ಹೊರಗೆ ತಂದಿತೇ?

ಈ ತೂಕದಲ್ಲಿ ಇನ್‌ಸ್ಟಾ ನಾವೆಲ್ಸ್ ಹಗುರ. ಆಲಿಸ್‌ಗೂ ಕಾಫ್ಕಾನಿಗೂ ಓದುಗರ ಬರ ಎಂದೂ ಇರಲಿಲ್ಲ. ಹಕ್ಕುಸ್ವಾಮ್ಯ ಮುಗಿದ, ಜಗತ್ತಿಗೇ ಗೊತ್ತಿರುವ ಕೃತಿಗಳಿಗೆ ಹೊಸ ಅಂಗಿ ತೊಡಿಸಿದ್ದಾಯಿತು, ಅಷ್ಟೆ. ಅದಕ್ಕಿಂತ ಒಂದು ವರ್ಷ ಮೊದಲು ಇದೇ ಗ್ರಂಥಾಲಯ ಬ್ರೂಕ್ಲಿನ್ ಮತ್ತು ಕ್ವೀನ್ಸ್ ಗ್ರಂಥಾಲಯಗಳ ಜೊತೆ ಸೇರಿ ನಡೆಸಿದ ‘ಸಬ್‌ವೇ ಲೈಬ್ರರಿ’ ಹೆಚ್ಚು ಕೆಲಸದ್ದು. 2017ರ ಬೇಸಿಗೆಯಲ್ಲಿ ಕೆಲವು ವಾರ, ನೆಲದಡಿಯ ರೈಲು ನಿಲ್ದಾಣಗಳ ವೈ-ಫೈಗೆ ಸೇರಿಕೊಂಡ ಪ್ರಯಾಣಿಕರು ಕತೆಗಳನ್ನೂ ಪುಸ್ತಕಗಳ ಆಯ್ದ ಅಧ್ಯಾಯಗಳನ್ನೂ ಉಚಿತವಾಗಿ ಇಳಿಸಿಕೊಳ್ಳಬಹುದಿತ್ತು. ಅಧ್ಯಾಯ ಓದಿ ರುಚಿ ಹತ್ತಿದವರು ಪೂರ್ತಿ ಪುಸ್ತಕಕ್ಕಾಗಿ ಗ್ರಂಥಾಲಯದ ಕಡೆಗೇ ತಿರುಗಬೇಕು. ಪ್ರಚಾರಕ್ಕೂ ಸದಸ್ಯತ್ವಕ್ಕೂ ನಡುವೆ ಒಂದು ದಾರಿ ಇಲ್ಲಿ ಇತ್ತು.

ಪಾಡ್‌ಕಾಸ್ಟ್ ವಿಚಾರಕ್ಕೆ ಬಂದರೆ ಈ ಗ್ರಂಥಾಲಯ ಎರಡು ಬಗೆಯ ಪ್ರಯೋಗ ಮಾಡಿದೆ. ಒಂದು, ವೇದಿಕೆಯ ಮೇಲೆ ನಡೆದ ಲೇಖಕರ ಮಾತುಕತೆಗಳ ಧ್ವನಿಮುದ್ರಣ. ದಾಖಲೆಯಾಗಿ ಅದು ಬೆಲೆಯುಳ್ಳದ್ದು, ಆದರೆ ಅಲ್ಲಿ ಮೈಕಿನ ಮುಂದೆ ಕೂರುವವರು ಹೆಚ್ಚಾಗಿ ಆಗಲೇ ಹೆಸರು ಮಾಡಿದವರು. ಇನ್ನೊಂದು, ‘ದಿ ಲೈಬ್ರೇರಿಯನ್ ಈಸ್ ಇನ್’. ಗ್ರೆನಿಚ್ ವಿಲೇಜ್‌ನ ಹಳೆಯ ನ್ಯಾಯಾಲಯದ ಕಟ್ಟಡದಲ್ಲಿರುವ ಜೆಫರ್ಸನ್ ಮಾರ್ಕೆಟ್ ಶಾಖೆಯನ್ನು ನೋಡಿಕೊಳ್ಳುತ್ತಿದ್ದ ಫ್ರಾಂಕ್ ಕೊಲೆರಿಯಸ್, ಸಹೋದ್ಯೋಗಿ ಗ್ವೆನ್ ಗ್ಲೇಜರ್ ಜೊತೆ ಸೇರಿ ಇದನ್ನು ನಡೆಸಿದರು. ಇತ್ತೀಚೆಗೆ ಏನು ಓದಿದೆ, ಎಲ್ಲಿ ಮನಸ್ಸು ಸೋತಿತು, ಎಲ್ಲಿ ಬೇಸರವಾಯಿತು ಎಂದು ಇಬ್ಬರೂ ಬಿಚ್ಚುಮನಸ್ಸಿನಿಂದ ಹರಟುತ್ತಿದ್ದರು. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸದೇ ಹೋದಾಗಲೂ ಮಾತು ಮುಂದುವರಿಯುತ್ತಿತ್ತು. ಈ ಮಾತು ಕೇಳಿದವರಿಗೆ ಪುಸ್ತಕದ ಹೆಸರಷ್ಟೇ ಸಿಗುವುದಿಲ್ಲ. ಅದನ್ನು ಓದಿ ಅಭಿಪ್ರಾಯ ಹೇಳಬಲ್ಲ ಒಬ್ಬ ಗ್ರಂಥಪಾಲಕ ಕೌಂಟರಿನ ಆಚೆ ಇದ್ದಾನೆ ಎಂಬ ಭರವಸೆ ಸಿಗುತ್ತದೆ. ಪುಸ್ತಕದಂಗಡಿಯ ಆ್ಯಪ್ ಮಾಡುವ ಶಿಫಾರಸಿಗೂ ಇದಕ್ಕೂ ಇರುವ ಅಂತರ ಇದೇ.

ಎಲ್ಲಕ್ಕಿಂತ ಆಳವಾದ ಪ್ರಯೋಗ 2011ರದ್ದು. ಮಿಸ್ ಫ್ರಾಂಕ್ ಬಟಾಲ್ಫ್ ಎಂಬಾಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಟ್ಟು ಹಿಡಿದು ಕೂಡಿಸಿಕೊಟ್ಟ ಸಾವಿರಾರು ಹೋಟೆಲ್ ಮೆನು ಕಾರ್ಡುಗಳು ಈ ಗ್ರಂಥಾಲಯದಲ್ಲಿವೆ. ಅವುಗಳ ಚಿತ್ರಗಳನ್ನು ‘ವಾಟ್ಸ್ ಆನ್ ದ ಮೆನು?’ ಎಂಬ ತಾಣದಲ್ಲಿ ಹಾಕಿ, ತಿನಿಸಿನ ಹೆಸರು ಮತ್ತು ಬೆಲೆಯನ್ನು ಅಕ್ಷರಕ್ಕಿಳಿಸಿಕೊಡಿ ಎಂದು ಜನರನ್ನೇ ಕೇಳಿದರು. ಹತ್ತು ಲಕ್ಷಕ್ಕೂ ಹೆಚ್ಚು ತಿನಿಸುಗಳ ವಿವರ ಹೀಗೆ ದಾಖಲಾಯಿತು. ಪೆಟ್ಟಿಗೆಯಲ್ಲಿ ಮಲಗಿದ್ದ ಸಂಗ್ರಹ ಇತಿಹಾಸಕಾರರಿಗೂ ಅಡುಗೆಯವರಿಗೂ ಹುಡುಕಲು ಸಿಗುವಂತಾಯಿತು. ರಂಗನಾಥನ್ ಸೂತ್ರ ಇಲ್ಲಿ ಪೂರ್ತಿ ಫಲಿಸಿದೆ.

ಕರ್ನಾಟಕಕ್ಕೆ ಈ ಪಾಠ ಹತ್ತಿರದ್ದು. 2020ರ ಫೆಬ್ರವರಿಯಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು. ತಿಂಗಳೊಳಗೆ ಲಾಕ್‌ಡೌನ್ ಬಂದು ವಾಚನಾಲಯಗಳ ಬಾಗಿಲು ಮುಚ್ಚಿದಾಗ ಅದರ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು. ಇ-ಪುಸ್ತಕ, ಪಠ್ಯ, ವಿಡಿಯೊಗಳನ್ನು ಫೋನಿಗೆ ತಲುಪಿಸಿದ್ದು ದೊಡ್ಡ ಕೆಲಸವೇ. ಆದರೆ ಸದಸ್ಯರ ಸಂಖ್ಯೆ ಏರಿದ ಮಾತ್ರಕ್ಕೆ ಯಾವ ಪುಸ್ತಕದಿಂದ ಶುರುಮಾಡಲಿ ಎಂಬ ಓದುಗರ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆ ಉತ್ತರ ಮನುಷ್ಯರ ಬಾಯಿಂದಲೇ ಬರಬೇಕು.

ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದ ಸಿಬ್ಬಂದಿಯಿಂದ ಹಿಡಿದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಮೇಲ್ವಿಚಾರಕರವರೆಗೆ ತಮ್ಮ ಕಪಾಟಿನ ಪುಸ್ತಕಗಳನ್ನು ಬಲ್ಲವರು ನಮ್ಮಲ್ಲೂ ಇದ್ದಾರೆ. ಆಕಾಶವಾಣಿಯ ನಾಟಕವನ್ನೂ ಗಮಕವನ್ನೂ ಕೇಳಿ ಬೆಳೆದ ನಾಡಿಗೆ ಪುಸ್ತಕದ ಮಾತು ಕಿವಿಯಿಂದ ಒಳಗಿಳಿಯುವುದು ಹೊಸದೇನಲ್ಲ. ವಾರಕ್ಕೊಮ್ಮೆ ಒಂದು ಮರೆತ ಪುಸ್ತಕದ ಬಗ್ಗೆ ಐದು ನಿಮಿಷ, ಅವರವರ ಊರಿನ ಕನ್ನಡದಲ್ಲೇ ಮಾತಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಲು ಒಂದು ಫೋನು, ಸದ್ದಿಲ್ಲದ ಒಂದು ಕೋಣೆ ಸಾಕು. ಅದರ ಜೊತೆಗೆ, ಓದುವುದಕ್ಕೂ ಮಾತಾಡುವುದಕ್ಕೂ ಹಿಡಿಯುವ ವೇಳೆಯನ್ನು ಅವರ ಕೆಲಸದ ಅವಧಿಯಲ್ಲೇ ಲೆಕ್ಕ ಹಿಡಿಯುವ ಒಂದು ಸುತ್ತೋಲೆಯೂ ಬೇಕು.