ಒಲೆ ಹಚ್ಚದ ಅಡುಗೆಯ ಕಷ್ಟ

ಜಪಾನಿನ ಹಿಯಯಕ್ಕೊ ಮಾಡುವ ವಿಧಾನ ಬರೆಯಲು ಎರಡು ಸಾಲು ಸಾಕು. ತಣ್ಣಗಿನ ತೋಫುವನ್ನು ತಟ್ಟೆಯಲ್ಲಿಡಿ. ಮೇಲೆ ತುರಿದ ಶುಂಠಿ, ಹೆಚ್ಚಿದ ಈರುಳ್ಳಿ ಸೊಪ್ಪು, ಒಣಮೀನಿನ ತೆಳು ಎಸಳು ಉದುರಿಸಿ ನಾಲ್ಕು ಹನಿ ಸೋಯಾ ಸಾಸ್ ಬಿಡಿ. ಆಯ್ತು. ಒಲೆ ಇಲ್ಲ, ಒಗ್ಗರಣೆ ಇಲ್ಲ. ಮಂಗಳೂರಿನ ಏಪ್ರಿಲ್ ಸೆಖೆಗೆ ಇದಕ್ಕಿಂತ ಬೇರೆ ಏನು ಬೇಕು ಮಾರಾಯ್ರೆ?

ಆದರೆ ನಾವು ಇದನ್ನು ಮಾಡುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ನಮಗೆ ತೋಫು ಅಂದ್ರೆ ಪನೀರಿನ ಬಡ ತಮ್ಮ. ಗಟ್ಟಿ ತುಂಡು ತಂದು, ಹಿಂಡಿ, ಹುರಿದು, ಮಸಾಲೆಯಲ್ಲಿ ಮುಳುಗಿಸಿ, ಕೊನೆಗೆ "ಇದಕ್ಕೆ ರುಚಿಯೇ ಇಲ್ಲ" ಅಂತ ತೀರ್ಪು ಕೊಡ್ತೇವೆ. ಅದೇ ಗಟ್ಟಿ ತುಂಡನ್ನು ತಣ್ಣಗೆ ಬಡಿಸಿದರೆ ರಬ್ಬರ್ ಜಗಿದ ಹಾಗಾಗದೆ ಇನ್ನೇನು?

ತೋಫುವಿನಲ್ಲಿ ಮುಖ್ಯವಾಗಿ ಎರಡು ಜಾತಿ. ಸೋಯಾ ಹಾಲು ಒಡೆದ ಮೇಲೆ ಬಟ್ಟೆಯಲ್ಲಿ ಒತ್ತಿ ನೀರು ತೆಗೆದದ್ದು 'ಮೊಮೆನ್'. ದಪ್ಪ ಹಾಲನ್ನು ಒತ್ತದೆ ಹಾಗೇ ಹೆಪ್ಪುಗಟ್ಟಿಸಿದ್ದು 'ಕಿನುಗೊಶಿ'. ಗಟ್ಟಿ ಮೊಸರಿನ ಹಾಗೆ ನಯ. ಸಮುದ್ರದ ನೀರಿನಿಂದ ಉಪ್ಪು ತೆಗೆದ ಮೇಲೆ ಉಳಿಯುವ ಕಹಿ ನೀರಿನಿಂದಲೇ ಹಿಂದಿನವರು ಹಾಲು ಹೆಪ್ಪುಗಟ್ಟಿಸುತ್ತಿದ್ದದ್ದು. ಒಗ್ಗರಣೆ ಇಲ್ಲದ ಈ ಪದಾರ್ಥದಲ್ಲಿ ತೋಫುವಿನ ಗುಣವೇ ಎಲ್ಲ. 1782ರಲ್ಲಿ ಒಸಾಕಾದಲ್ಲಿ ನೂರು ಬಗೆಯ ತೋಫು ಅಡುಗೆಗಳ ಪುಸ್ತಕವೇ ಅಚ್ಚಾಗಿತ್ತು. ಅಲ್ಲಿ ತೋಫು ಯಾವುದಕ್ಕೂ ಬದಲಿಯಲ್ಲ.

ಎರಡನೆಯ ತಕರಾರು ಸೋಯಾ ಸಾಸಿನದ್ದು. ಗೋಬಿ ಮಂಚೂರಿಗೆ ಸುರಿಯುವ ಕಪ್ಪು ಬಣ್ಣದ ದ್ರವ ಇಲ್ಲಿ ನಡೆಯುವುದಿಲ್ಲ. ಸೋಯಾ, ಗೋಧಿ, ಉಪ್ಪು ಸೇರಿಸಿ ಹುದುಗಿಸಿದ್ದೇ ಬೇಕು. ಬಾಟಲಿಯ ಹಿಂದೆ ಬರೆದದ್ದು ಓದಿ ತನ್ನಿ.

ಮೀನಿನ ಎಸಳು ಸಿಗುವುದಿಲ್ಲ ಅನ್ನುವವರಿಗೆ ಒಂದು ಮಾತು. ಜಪಾನಿನವರು ಹೊಗೆ ಹಾಕಿ ಒಣಗಿಸುವ ಅದೇ ಜಾತಿಯ ಟ್ಯೂನಾವನ್ನು ಲಕ್ಷದ್ವೀಪದ ಮಿನಿಕಾಯ್‌ಯವರು 'ಮಾಸ್' ಮಾಡುತ್ತಾರೆ. ಆ ದ್ವೀಪಗಳು ನಮಗೇನು ದೂರವಲ್ಲ. ಅಮೀನಿ, ಕಡಮತ್ ಕಡೆಯ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಇಲ್ಲಿನ ಹಳೆ ಬಂದರಿನಿಂದ ಅಲ್ಲಿಗೆ ಸರಕು ಹೋಗುತ್ತದೆ. ಮಾಸ್ ಸಿಕ್ಕಿದರೆ ತೆಳ್ಳಗೆ ಹೆರೆದು ಹಾಕಿ. ಮೀನು ತಿನ್ನದವರು ಹುರಿದ ಎಳ್ಳು ಹಾಕಿದರಾಯ್ತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಒಲೆ ಹಚ್ಚದ ಅಡುಗೆ ನಮಗೆ ಹೊಸತಲ್ಲ. ನಮ್ಮ ತಂಬುಳಿಯೂ ಇದೇ ಕುಲದ್ದು. ಒಂದೆಲಗ, ತೆಂಗಿನಕಾಯಿ ಅರೆದು ಮಜ್ಜಿಗೆ ಬೆರೆಸಿದರೆ ಮುಗೀತು, ಕುದಿಸುವ ಮಾತಿಲ್ಲ. ಅದಕ್ಕೂ ನಾವು ಮಾಡುವ ಅನ್ಯಾಯ ಇದೇ. ಸೊಪ್ಪು ತಾಜಾ ಇದೆಯಾ, ಮಜ್ಜಿಗೆ ಹದ ಹುಳಿ ಇದೆಯಾ ಅಂತ ನೋಡದೆ "ಸುಲಭದ್ದು" ಅಂತ ನೀರು ನೀರಾಗಿ ಬಡಿಸಿಬಿಡ್ತೇವೆ. ಸರಳ ಅಡುಗೆಯಲ್ಲಿ ಕೆಲಸ ಕಡಿಮೆಯಾಗುವುದಿಲ್ಲ, ಬೇರೆಯವರ ಕೈಗೆ ಹೋಗುತ್ತದೆ: ತೋಫು ಹೆಪ್ಪುಗಟ್ಟಿಸುವವರಿಗೆ, ಸೊಪ್ಪು ಕೊಯ್ದು ತರುವವರಿಗೆ, ಅರೆಯುವವರಿಗೆ. ಮಸಾಲೆಯ ಅಬ್ಬರಕ್ಕೆ ಮಾತ್ರ ಹಣ ಕೊಡುವ ಊರಿನಲ್ಲಿ ಇವರ ಕೈಗುಣಕ್ಕೆ ಬೆಲೆ ಸಿಗುವುದಿಲ್ಲ. ಬೆಲೆ ಸಿಗದ ಕೈಗುಣ ಬಹಳ ದಿನ ಉಳಿಯುವುದೂ ಇಲ್ಲ.

ಮಾಡುವುದಿದ್ದರೆ ಹೀಗೆ ಮಾಡಿ. ಮೃದು ತೋಫುವಿನ ಪೊಟ್ಟಣ, ತಾರೀಕು ನೋಡಿ ತನ್ನಿ. ತಟ್ಟೆಯಲ್ಲಿ ಹತ್ತು ನಿಮಿಷ ಇಟ್ಟು, ಬಿಟ್ಟ ನೀರು ಬಸಿದು, ಫ್ರಿಜ್ಜಿನಲ್ಲಿಡಿ. ಊಟಕ್ಕೆ ಕೂತ ಮೇಲೆಯೇ ಶುಂಠಿ ತುರಿಯಿರಿ, ಸಾಸ್ ಹನಿಸಿ. ಮೊದಲೇ ಹನಿಸಿದರೆ ತೋಫು ನೀರು ಬಿಡುತ್ತದೆ. ಮೊದಲ ತುತ್ತನ್ನು ಏನೂ ಹಾಕದೆ ತಿಂದು ನೋಡಿ. ಅದು ರುಚಿಸದಿದ್ದರೆ ಮೇಲೆ ಏನು ಸುರಿದರೂ ಪ್ರಯೋಜನವಿಲ್ಲ, ಬೇರೆ ತೋಫು ಹುಡುಕಿ.