ಟ್ರ್ಯಾಕ್ ಆಮೇಲೆ, ಮೊದಲು ಕೋಚ್ ಕೊಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವ ಕಾಲೇಜಿನ ಕ್ರೀಡಾಕೂಟಕ್ಕೆ ಹೋದರೂ ಉದ್ಘಾಟನೆಯ ಭಾಷಣದಲ್ಲಿ ಎರಡು ಮಾತು ಬಂದೇ ಬರುತ್ತವೆ. ಮಲೆನಾಡಿನ ಮಕ್ಕಳ ಕಾಲಿಗೆ ಜಿಗಿತ ಹುಟ್ಟಿನಿಂದಲೇ ಬಂದಿದೆ, ಗುಡ್ಡ ಹತ್ತಿಳಿದು, ಸಂಕ ದಾಟಿ, ತೋಟದ ಬಸಿಗಾಲುವೆ ಹಾರಿ ಬೆಳೆದವರು ಇವರು ಎಂಬುದು ಮೊದಲನೆಯದು. ಒಂದು ಸಿಂಥೆಟಿಕ್ ಟ್ರ್ಯಾಕ್ ಇದ್ದಿದ್ದರೆ ಎಲ್ಲಿಗೋ ಹೋಗುತ್ತಿದ್ದರು ಎಂಬುದು ಎರಡನೆಯದು. ಚಪ್ಪಾಳೆ ಬೀಳುತ್ತದೆ. ಶಾಸಕರು ಬಂದಿದ್ದರೆ ಟ್ರ್ಯಾಕ್ ಕೇಳುವ ಮನವಿಪತ್ರವೂ ಅವರ ಕೈ ಸೇರುತ್ತದೆ.

ಎರಡೂ ಮಾತು ಕೇಳುವುದಕ್ಕೆ ಹಿತ. ಜಿಗಿತದ ಸ್ಪರ್ಧೆಗಳ ಮಟ್ಟಿಗಾದರೂ ಎರಡೂ ತಪ್ಪು ಎಂದು ನಾನು ತಿಳಿದಿದ್ದೇನೆ. ಈ ಮೂರು ತಾಲ್ಲೂಕಿನ ಕಾಲೇಜುಗಳಿಗೆ ಬೇಕಾಗಿರುವುದು ಲಾಂಗ್ ಜಂಪ್, ಟ್ರಿಪಲ್ ಜಂಪ್, ಹೈ ಜಂಪ್ ಬಿಟ್ಟು ಬೇರೇನನ್ನೂ ಕಲಿಸದ ಒಬ್ಬ ಕೋಚ್.

ಮೊದಲು ಬಸಿಗಾಲುವೆಯ ವಿಷಯ. ಕಾಲುವೆ ಹಾರುವ ಹುಡುಗ ಏನು ಮಾಡುತ್ತಾನೆ? ಆಚೆ ದಂಡೆ ನೋಡುತ್ತಾನೆ, ಅಂಚಿಗೆ ಬಂದಾಗ ಹೆಜ್ಜೆ ಚಿಕ್ಕದು ಮಾಡುತ್ತಾನೆ, ವೇಗ ತಗ್ಗಿಸಿ, ಮೈ ಕುಗ್ಗಿಸಿ ಹಾರುತ್ತಾನೆ. ಕಾಲು ಉಳುಕದೆ ಆಚೆ ಸೇರುವುದಕ್ಕೆ ಅದೇ ಸರಿ. ಲಾಂಗ್ ಜಂಪ್‌ನಲ್ಲಿ ಅದೇ ಶತ್ರು. ಪಿಟ್‌ನ ಮುಂದಿರುವ ಬೋರ್ಡ್‌ನ ಅಗಲ 20 ಸೆಂಟಿಮೀಟರ್. ಮೂವತ್ತು, ನಲವತ್ತು ಮೀಟರ್ ದೂರದಿಂದ ಓಡಿ ಬಂದು, ಕೆಳಗೆ ನೋಡದೆ, ವೇಗ ಎಲ್ಲಿಯೂ ಕುಂದದ ಹಾಗೆ ಅದರ ಮೇಲೆ ಪಾದ ಇಡಬೇಕು. ಕೊನೆಗಿಂತ ಹಿಂದಿನ ಹೆಜ್ಜೆ ತುಸು ಉದ್ದ, ಕೊನೆಯದು ಗಿಡ್ಡ. ಆ ಉದ್ದದ ಹೆಜ್ಜೆಯಲ್ಲಿ ಸೊಂಟ ಒಂದಿಷ್ಟು ಇಳಿಯಬೇಕು, ಗಿಡ್ಡ ಹೆಜ್ಜೆಯಲ್ಲಿ ಏಳಬೇಕು. ಬೋರ್ಡ್ ಮೇಲೆ ಪಾದ ನಿಲ್ಲುವುದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು, ಅಷ್ಟೇ. ಎಸೆದ ವಸ್ತು ಅತಿ ದೂರ ಹೋಗಬೇಕಾದರೆ 45 ಡಿಗ್ರಿ ಕೋನದಲ್ಲಿ ಎಸೆಯಬೇಕೆಂದು ಪಿಯುಸಿಯ ಭೌತಶಾಸ್ತ್ರ ಹೇಳುತ್ತದೆ. ಪಳಗಿದ ಜಂಪರ್ ನೆಲ ಬಿಡುವುದು ಸುಮಾರು 20 ಡಿಗ್ರಿಯಲ್ಲಿ. ಅದಕ್ಕಿಂತ ಮೇಲಕ್ಕೆ ಏಳಹೊರಟರೆ ಓಟದ ವೇಗವನ್ನೇ ಕೊಲ್ಲಬೇಕಾಗುತ್ತದೆ. ಇದರಲ್ಲಿ ಯಾವುದೂ ಹುಟ್ಟಿನಿಂದ ಬರುವುದಿಲ್ಲ. ಹುಟ್ಟಿನಿಂದ ಬಂದದ್ದನ್ನು ಮರೆಸುವುದೇ ಅರ್ಧ ಕೆಲಸ. ಗುಡ್ಡ ಹತ್ತಿ ಬೆಳೆದ ಕಾಲಿಗೆ ದಮ್ಮು ಬಂದಿರುತ್ತದೆ, ನಿಜ. ಆದರೆ ಲಾಂಗ್ ಜಂಪ್ ಪಿಟ್ ಕೇಳುವುದು ದಮ್ಮನ್ನಲ್ಲ.

ಇಷ್ಟಕ್ಕೂ ಈ ಹೊಗಳಿಕೆ ಬಲು ಅನುಕೂಲದ್ದು. ಜಿಗಿತ ಹುಟ್ಟಿನಿಂದ ಬರುತ್ತದೆ ಎಂದಮೇಲೆ ಅದನ್ನು ಕಲಿಸುವವನಿಗೆ ಸಂಬಳ ಕೊಡುವ ಪ್ರಶ್ನೆಯೇ ಏಳುವುದಿಲ್ಲ. ಗೆಲ್ಲದಿದ್ದರೆ ಮೈದಾನ ಇಲ್ಲದ್ದು ಕಾರಣ. ಯಾರೂ ಯಾರಿಗೂ ಉತ್ತರ ಹೇಳಬೇಕಾಗಿಲ್ಲ.

ಕರ್ನಾಟಕದ ನೆಲದ ಮೇಲೆ ಪಳಗಿದ ದೊಡ್ಡ ಜಂಪರ್‌ಗಳನ್ನೇ ನೋಡಿ. ಲಾಂಗ್ ಜಂಪ್‌ನಲ್ಲಿ 8.42 ಮೀಟರ್ ಹಾರಿ ಜೆಸ್ವಿನ್ ಆಲ್ಡ್ರಿನ್ ರಾಷ್ಟ್ರೀಯ ದಾಖಲೆ ಬರೆದದ್ದು 2023ರ ಮಾರ್ಚ್‌ನಲ್ಲಿ, ಬಳ್ಳಾರಿ ಜಿಲ್ಲೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಹುಡುಗ ತಮಿಳುನಾಡಿನವನು. ಕಲಿಸಿದವರು ಕ್ಯೂಬಾದ ಯೊಆಂಡ್ರಿ ಬೆಟಾಂಜೋಸ್, ಒಂದು ಕಾಲಕ್ಕೆ ಸ್ವತಃ ಟ್ರಿಪಲ್ ಜಂಪ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಪದಕ ಗೆದ್ದವರು. 2021ರಲ್ಲಿ ನೈರೋಬಿಯ 20 ವರ್ಷದೊಳಗಿನವರ ವಿಶ್ವ ಕೂಟದಲ್ಲಿ 6.59 ಮೀಟರ್ ಹಾರಿ, ಒಂದೇ ಸೆಂಟಿಮೀಟರ್‌ನಲ್ಲಿ ಚಿನ್ನ ತಪ್ಪಿಸಿಕೊಂಡ ಶೈಲಿ ಸಿಂಗ್ ಝಾನ್ಸಿಯವಳು. ಅವಳು ಪಳಗಿದ್ದು ಬೆಂಗಳೂರಿನಲ್ಲಿ, ರಾಬರ್ಟ್ ಬಾಬಿ ಜಾರ್ಜ್ ಅವರ ಕೈಯಲ್ಲಿ. ಅದೇ ಬಾಬಿ ಜಾರ್ಜ್ ಅವರ ಗರಡಿಯಲ್ಲೇ ಅವರ ಪತ್ನಿ, ಕೇರಳದ ಅಂಜು, 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.70 ಮೀಟರ್ ಹಾರಿ ಕಂಚು ಗೆದ್ದರು, ಮರುವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 6.83 ಹಾರಿದರು. ತಮಿಳುನಾಡು, ಝಾನ್ಸಿ, ಕೇರಳ. ಯಾವ ನೆಲದ ಗುಣ ಇದು? ಕೋಚ್ ಇದ್ದ ಕಡೆಗೆ ಜಂಪರ್‌ಗಳು ಬಂದರು, ಅಷ್ಟೇ.

ಅವರಿಗೆಲ್ಲ ಸಿಂಥೆಟಿಕ್ ರನ್‌ವೇ ಇತ್ತಲ್ಲ, ದುಡ್ಡಿತ್ತಲ್ಲ ಎಂದು ಕೇಳುವವರಿದ್ದಾರೆ. ಇತ್ತು. ಎಂಟು ಮೀಟರ್ ಹಾರುವವನಿಗೆ ಅದು ಬೇಕೇ ಬೇಕು, ನಾನೂ ಒಪ್ಪುತ್ತೇನೆ. ಆದರೆ ರಾಜ್ಯದ ಎಷ್ಟೋ ಊರುಗಳ ಕ್ರೀಡಾಂಗಣದಲ್ಲಿ ಈಗ ಕೆಂಪು ಹಾಸು ಬಿದ್ದಿದೆ. ಬೆಳಗ್ಗೆ ವಾಕಿಂಗ್‌ಗೆ ಬರುವವರಿಗೆ ಅದರಿಂದ ತುಂಬ ಉಪಕಾರವಾಗಿದೆ, ಮಂಡಿಗೆ ಹಿತ ಅನ್ನುತ್ತಾರೆ. ಹಾಸು ಬಿದ್ದ ಊರಿನಲ್ಲೆಲ್ಲ ಜಂಪರ್‌ಗಳು ಎದ್ದರೇ? ಪಾಲಕ್ಕಾಡಿನ ಶ್ರೀಶಂಕರ್ 2023ರಲ್ಲಿ 8.41 ಹಾರಿದ. ಅವನಿಗೆ ಕಲಿಸಿದ್ದು ತಂದೆ ಮುರಳಿ, ಅವರೂ ಹಿಂದೆ ಟ್ರಿಪಲ್ ಜಂಪರ್. ಮೇಲಿನ ಎಲ್ಲ ಉದಾಹರಣೆಗಳಲ್ಲೂ ಕಾಣುವುದು ಒಂದೇ. ಜಿಗಿತವನ್ನು ಬಲ್ಲ ಒಬ್ಬ ಮನುಷ್ಯ, ಅದೇ ಹುಡುಗ ಹುಡುಗಿಯ ಕಾಲನ್ನು ವರ್ಷಗಟ್ಟಲೆ ನೋಡಿದ್ದಾನೆ.

ಈಗ ನಮ್ಮ ಕಾಲೇಜಿನ ಕೂಟಕ್ಕೆ ಬರೋಣ. ಲಾಂಗ್ ಜಂಪ್ ನಡೆಯುವ ಮೂಲೆಯಲ್ಲಿ ನಿಂತು ನೋಡಿದರೆ ಎದ್ದು ಕಾಣುವುದು ಪ್ರತಿಭೆಯೂ ಅಲ್ಲ, ಮೈದಾನದ ಕೊರತೆಯೂ ಅಲ್ಲ, ಫೌಲ್‌ಗಳು. ಎಲ್ಲಿಂದ ಓಟ ಶುರು ಮಾಡಬೇಕೆಂಬುದೇ ಹುಡುಗರಿಗೆ ಗೊತ್ತಿರುವುದಿಲ್ಲ. ಒಮ್ಮೆ ಬೇಲಿಯ ಹತ್ತಿರದಿಂದ ಓಡಿ ಬರುತ್ತಾರೆ, ಇನ್ನೊಮ್ಮೆ ನಾಲ್ಕು ಹೆಜ್ಜೆ ಮುಂದಿನಿಂದ. ಬೋರ್ಡ್ ಹತ್ತಿರವಾದಾಗ ತಲೆ ಬಗ್ಗಿಸಿ ಹುಡುಕುತ್ತಾರೆ, ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾರೆ, ಓಟ ಸತ್ತೇ ಹೋಗುತ್ತದೆ. ಇಲ್ಲವೇ ಗೆರೆ ದಾಟಿ ಕೆಂಪು ಬಾವುಟ. 2021ರ ನವೆಂಬರ್‌ನಿಂದ ನಿಯಮ ಇನ್ನೂ ಬಿಗಿಯಾಗಿದೆ. ಗೆರೆಯ ಆಚೆ ನೆಲದಲ್ಲಿ ಗುರುತು ಮೂಡಬೇಕೆಂದಿಲ್ಲ, ನೆಲ ಬಿಡುವ ಮುನ್ನ ಶೂ ತುದಿ ಗೆರೆಯ ಮೇಲಿನ ಗಾಳಿಯನ್ನು ದಾಟಿದರೂ ಫೌಲ್. ಮೂರು ಪ್ರಯತ್ನ ಹೀಗೇ ಕಳೆದು ಹುಡುಗ ಚಪ್ಪಲಿ ಮೆಟ್ಟಿಕೊಂಡು ವಾಲಿಬಾಲ್ ಕೋರ್ಟ್ ಕಡೆ ನಡೆಯುತ್ತಾನೆ. ಒಂದು ಟೇಪು, ಒಂದು ಸುಣ್ಣದ ಗುರುತು, ಎರಡು ತಿಂಗಳ ಅಭ್ಯಾಸ ಇದ್ದಿದ್ದರೆ ಇದು ಆಗುತ್ತಿರಲಿಲ್ಲ.

ದೈಹಿಕ ಶಿಕ್ಷಣ ನಿರ್ದೇಶಕರು ಏನು ಮಾಡುತ್ತಾರೆ ಎಂದು ಕೇಳುವುದು ಸುಲಭ. ಪಿ.ಡಿ. ಸರ್ ಒಬ್ಬರು. ಕಬಡ್ಡಿ, ಖೊಖೊ, ವಾಲಿಬಾಲ್ ತಂಡ ಕಟ್ಟಬೇಕು, ವಿಶ್ವವಿದ್ಯಾಲಯದ ಕೂಟಕ್ಕೆ ಕರೆದೊಯ್ಯಬೇಕು, ಬಿಲ್ಲು ಬರೆಯಬೇಕು, ಸಮವಸ್ತ್ರ ನೋಡಬೇಕು, ಮೆರವಣಿಗೆಯಿದ್ದರೆ ಸಾಲು ನಿಲ್ಲಿಸಬೇಕು. ಹೊನಲು ಬೆಳಕಿನ ಕಬಡ್ಡಿಗೆ, ವಾಲಿಬಾಲ್‌ಗೆ ಊರಿನಲ್ಲಿ ಬಹುಮಾನ ಕೊಡುವವರಿದ್ದಾರೆ, ನೋಡುವ ಜನರಿದ್ದಾರೆ. ಟ್ರಿಪಲ್ ಜಂಪ್ ನೋಡಲು ಯಾರೂ ಕುರ್ಚಿ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಅವರ ಹೊತ್ತು ತಂಡದ ಆಟಗಳಿಗೆ ಹೋಗುತ್ತದೆ. ಅದು ಅವರ ತಪ್ಪಲ್ಲ. ಎಲ್ಲ ಆಟವನ್ನೂ ಒಬ್ಬರೇ ಕಲಿಸಬೇಕೆಂದು ಬಯಸುವ ವ್ಯವಸ್ಥೆ, ಕನ್ನಡ, ಗಣಿತ, ರಸಾಯನಶಾಸ್ತ್ರಗಳನ್ನೂ ಒಬ್ಬರೇ ಕಲಿಸಲಿ ಎನ್ನುವುದಿಲ್ಲವಲ್ಲ.

ಟ್ರಿಪಲ್ ಜಂಪ್‌ನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಹಾಪ್, ಸ್ಟೆಪ್, ಜಂಪ್ ಮೂರರಲ್ಲಿ ನಡುವಿನ ಸ್ಟೆಪ್‌ನಲ್ಲಿ ಒಂದೇ ಕಾಲಿನ ಮೇಲೆ ಬೀಳುವ ಭಾರ, ಪಳಗಿದವರಲ್ಲಿ, ದೇಹತೂಕದ ಹತ್ತು ಪಟ್ಟನ್ನೂ ಮೀರುತ್ತದೆ. ಕಲಿಯದ ಹುಡುಗ ಹಾಪ್ ಅನ್ನೇ ಆದಷ್ಟು ಎತ್ತರಕ್ಕೆ, ದೂರಕ್ಕೆ ಹಾರಿ, ಸ್ಟೆಪ್‌ನಲ್ಲಿ ಕುಸಿಯುತ್ತಾನೆ. ಹಾಪ್ ಅನ್ನು ತಗ್ಗಿಸಿ ಮೂರಕ್ಕೂ ದೂರ ಹಂಚುವುದನ್ನು ಯಾರಾದರೂ ಹೇಳಿಕೊಡಬೇಕು. ಹಿಮ್ಮಡಿಯಿಂದ ಬೀಳಬಾರದು, ಇಡೀ ಪಾದ ನೆಲಕ್ಕೆ ತಾಗಿ ಹಿಂದಕ್ಕೆ ಎಳೆಯಬೇಕು ಎನ್ನುವುದನ್ನೂ ಹೇಳಿಕೊಡಬೇಕು. ಅದಿಲ್ಲದೆ ಗಟ್ಟಿ ಜಂಬಿಟ್ಟಿಗೆ ನೆಲದ ಮೇಲೆ, ಕೂಟಕ್ಕೆ ಹತ್ತು ದಿನ ಇರುವಾಗ ಹಾರಿಸಿದರೆ ಹಿಮ್ಮಡಿ, ಕಣಕಾಲು, ಮಂಡಿ ಒಂದೂ ಉಳಿಯುವುದಿಲ್ಲ. ಎಷ್ಟು ಹಾರಿಸಬೇಕು ಎಂಬುದಕ್ಕಿಂತ ಯಾವತ್ತು ಹಾರಿಸಬಾರದು ಎಂಬುದು ಗೊತ್ತಿರುವವನೇ ಜಂಪ್ ಕೋಚ್. ಸಿಂಥೆಟಿಕ್ ಹಾಸಿಗೆ ಅದು ಗೊತ್ತಿರುವುದಿಲ್ಲ.

ಕಾಲೇಜಿಗೆ ಜಂಪ್‌ಗೆಂದೇ ಒಬ್ಬ ಕೋಚ್ ಎಂದರೆ ನಮ್ಮಲ್ಲಿ ನಗುತ್ತಾರೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅದು ಮಾಮೂಲು. ಜಂಪ್‌ಗೆ ಬೇರೆ, ಎಸೆತಕ್ಕೆ ಬೇರೆ, ಓಟಕ್ಕೆ ಬೇರೆ ಕೋಚ್ ಇರುತ್ತಾರೆ. ದೆಹಲಿಯ ತೇಜಸ್ವಿನ್ ಶಂಕರ್ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ 2018 ಮತ್ತು 2022ರಲ್ಲಿ ಅಲ್ಲಿನ ಅಂತರ ಕಾಲೇಜು ಹೈ ಜಂಪ್ ಪ್ರಶಸ್ತಿ ಗೆದ್ದ. ಅಲ್ಲಿ ಕಲಿಸಿದ ಕ್ಲಿಫ್ ರೊವೆಲ್ಟೊ ಹೈ ಜಂಪ್‌ಗೇ ಹೆಸರಾದವರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎರಡನೆಯವನಾಗಿ, ಮೊದಲು ಬಂದವನು ಉದ್ದೀಪನ ಮದ್ದಿಗಾಗಿ ಅನರ್ಹನಾದ ಮೇಲೆ ಚಿನ್ನಕ್ಕೆ ಹಕ್ಕುದಾರನಾದ ಎರಿಕ್ ಕೈನಾರ್ಡ್ ಕೂಡ ಅವರ ಶಿಷ್ಯ. ಅಮೆರಿಕದ ದುಡ್ಡು ನಮ್ಮಲ್ಲಿಲ್ಲ. ಸಾಗರದ ಲಾಲ್ ಬಹದ್ದೂರ್ ಕಾಲೇಜು, ಹೊಸನಗರದ ಕೊಡಚಾದ್ರಿ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯಕ್ಕೆ ಒಬ್ಬೊಬ್ಬರನ್ನು ಕೊಡಿ ಎಂದೂ ನಾನು ಕೇಳುತ್ತಿಲ್ಲ. ಮೂರು ಊರಿಗೂ ಸೇರಿ ಒಬ್ಬರು ಸಾಕು. ವಾರದಲ್ಲಿ ಎರಡೆರಡು ದಿನ ಒಂದೊಂದು ಊರು. ಪಟಿಯಾಲದ ಎನ್‌ಐಎಸ್‌ನಲ್ಲಿ ಅಥ್ಲೆಟಿಕ್ಸ್ ಡಿಪ್ಲೊಮಾ ಮಾಡಿ, ತಾವೇ ಹಾರಿ ಬಂದವರಾಗಿರಬೇಕು.

ಲೆಕ್ಕ ನೋಡಿದರೂ ಇದೇ ಅಗ್ಗ. 400 ಮೀಟರ್ ಸಿಂಥೆಟಿಕ್ ಟ್ರ್ಯಾಕ್‌ಗೆ ಕೋಟಿಗಟ್ಟಲೆ ಬೇಕು, ಕೆಲವು ವರ್ಷಕ್ಕೆ ಮೇಲ್ಪದರ ಮತ್ತೆ ಹಾಕಿಸಬೇಕು. ಆಗುಂಬೆಯಂಥ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಸುರಿಯುವ ಸೀಮೆಯಲ್ಲಿ ಅದರ ಮೇಲೆ ಪಾಚಿ ಕಟ್ಟುವುದನ್ನು ಯಾರು ಉಜ್ಜುತ್ತಾರೋ. ಜಂಪ್‌ಗೆ ಬೇಕಾದದ್ದು 40 ಮೀಟರ್ ಉದ್ದ, 1.22 ಮೀಟರ್ ಅಗಲದ ಸಮತಟ್ಟಾದ ಪಟ್ಟಿ, 2.75 ಮೀಟರ್ ಅಗಲದ ಪಿಟ್, ಒಂದು ಹಲಗೆ, ಮರಳು. ಮರಳಿನ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ಎಂ ಸ್ಯಾಂಡ್ ಸುರಿದು ಪಿಟ್ ತುಂಬಿಸಿದರೆ ಅದು ಒಂದು ಮಳೆಗೆ ಗಟ್ಟಿಯಾಗುತ್ತದೆ, ಅದರ ಕಣಕ್ಕೆ ಮೊನೆಯೂ ಇರುತ್ತದೆ. ಹೊಳೆಯ ದುಂಡು ಮರಳನ್ನೇ ತೊಳೆದು ಹಾಕಬೇಕು. ತುಂಗೆಯ ದಂಡೆಯ ಊರಿನಲ್ಲಿ ಮರಳಿನ ಮಾತೆತ್ತುವುದು ಎಷ್ಟು ಸೂಕ್ಷ್ಮ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ನನ್ನ ವಾದ ಸಡಿಲವಾಗುವುದು ಹೈ ಜಂಪ್‌ನಲ್ಲಿ. ಡಿಕ್ ಫಾಸ್ಬರಿ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಬೆನ್ನು ಕೆಳಗೆ ಮಾಡಿ 2.24 ಮೀಟರ್ ಹಾರಿ ಗೆದ್ದಮೇಲೆ ಲೋಕವೆಲ್ಲ ಅದನ್ನೇ ಹಿಡಿಯಿತು. ಬೆನ್ನ ಮೇಲೆ ಬೀಳಬೇಕಾದರೆ ದಪ್ಪ ಫೋಮ್ ಹಾಸಿಗೆ ಬೇಕು. ಮರಳಿನ ಮೇಲೆ ಫಾಸ್ಬರಿ ಕಲಿಸುವುದು ಕತ್ತು ಮುರಿಸುವ ಕೆಲಸ. ಮ್ಯಾಟ್ ಇಲ್ಲದ ಕಡೆ ಹುಡುಗಿಯರು ಇಂದಿಗೂ ಕತ್ತರಿ ಕಾಲಿನಲ್ಲೇ ಹಾರುತ್ತಾರೆ. ಇಲ್ಲಿ ಸಲಕರಣೆ ಮೊದಲು, ಕೋಚ್ ಆಮೇಲೆ. ಆದರೂ ಒಂದು ಮ್ಯಾಟ್‌ನ ಬೆಲೆಗೆ ಟ್ರ್ಯಾಕ್ ಬರುವುದಿಲ್ಲ. ಹೈ ಜಂಪ್ ನಮ್ಮ ಕಡೆಯವರಿಗೆ ಆಗದ್ದೇನೂ ಅಲ್ಲ: 2012ರಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿ ಲಂಡನ್‌ಗೆ ಹೋದ ಸಹನಾ ಕುಮಾರಿ ನಮ್ಮ ಘಟ್ಟದ ಕೆಳಗಿನ ದಕ್ಷಿಣ ಕನ್ನಡದವರೇ.

ಘಟ್ಟದ ಕೆಳಗೆ ಎಂದಾಗ ಇನ್ನೊಂದು ಮಾತು ಕೇಳಿಬರುತ್ತದೆ. ಚೆನ್ನಾಗಿ ಹಾರುವವರನ್ನು ಮೂಡುಬಿದಿರೆಯ ಆಳ್ವಾಸ್‌ಗೆ ಕಳಿಸಿದರಾಯಿತು, ಅಲ್ಲಿ ಊಟ, ವಸತಿ, ಕೋಚ್ ಎಲ್ಲ ಇದೆ. ಆ ಸಂಸ್ಥೆ ಅಥ್ಲೀಟ್‌ಗಳಿಗೆ ಮಾಡಿರುವುದು ದೊಡ್ಡದು, ಮಂಗಳೂರು ವಿಶ್ವವಿದ್ಯಾಲಯಕ್ಕೆ ಅಖಿಲ ಭಾರತ ಮಟ್ಟದಲ್ಲಿ ಬಂದ ಹೆಸರಿನ ಹಿಂದೆ ಅದರ ದುಡಿಮೆ ಇದೆ. ಆದರೆ ಅವರು ಆರಿಸುವುದು ಆಗಲೇ ಕಂಡವರನ್ನು. ಮೂರು ಫೌಲ್ ಮಾಡಿ ಹೊರಬಿದ್ದವನು ಯಾರ ಕಣ್ಣಿಗೆ ಬೀಳುತ್ತಾನೆ? ಕಂಡು ಹೋದವನೂ ಹದಿನೆಂಟರ ವಯಸ್ಸಿಗೆ ತಪ್ಪು ಟೇಕ್ ಆಫ್ ಅನ್ನು ಕಾಲಿಗೆ ಕೂರಿಸಿಕೊಂಡು ಹೋಗುತ್ತಾನೆ. ಮಗಳನ್ನು ಅಷ್ಟು ದೂರ ಕಳಿಸಲು ಒಪ್ಪದ ಮನೆಗಳಂತೂ ಬೇರೆ.

ಕೋಚ್ ಬಂದಮೇಲೆ ಎದುರಾಗುವ ನಿಜವಾದ ತೊಡಕು ಟ್ರ್ಯಾಕ್ ಅಲ್ಲ, ಬಸ್ಸು. ನಗರ, ನಿಟ್ಟೂರು, ಸಂಪೇಕಟ್ಟೆ ಕಡೆಯ ಮಕ್ಕಳಿಗೆ, ಕೋಣಂದೂರು, ಮೇಗರವಳ್ಳಿ ಕಡೆಯವರಿಗೆ, ಸಂಜೆಯ ಬಸ್ಸು ತಪ್ಪಿದರೆ ಮನೆ ಇಲ್ಲ. ತುಮರಿ ಕಡೆಯವರು 2025ರಲ್ಲಿ ಸಿಗಂದೂರು ಸೇತುವೆ ಆಗುವತನಕ ಲಾಂಚ್ ಹೊತ್ತು ನೋಡಿಕೊಂಡೇ ಓದಿದವರು. ಹಾಗಾಗಿ ಅಭ್ಯಾಸ ತರಗತಿಯ ಹೊತ್ತಿನೊಳಗೇ ಆಗಬೇಕು, ಅದಕ್ಕೆ ವೇಳಾಪಟ್ಟಿಯಲ್ಲಿ ಜಾಗ ಬೇಕು, ಹಾಜರಾತಿ ಕೊಡಬೇಕು. ಪ್ರಾಂಶುಪಾಲರು ಒಂದು ಸಹಿ ಹಾಕಿದರೆ ಆಗುವ ಕೆಲಸ. ಸಾಗರದ ಗೋಪಾಲಗೌಡ ಕ್ರೀಡಾಂಗಣಕ್ಕೆ ಹಾಸು ಹಾಕಿಸುವುದಕ್ಕಿಂತ ಇದು ಕಷ್ಟ ಎಂದು ನನಗೆ ಅನುಮಾನ.

ಇನ್ನು ಋತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು. ಮಳೆ ಬಿಟ್ಟು ನೆಲ ಆರುವಷ್ಟರಲ್ಲಿ ಕೊನೆಕೊಯ್ಲು ಹತ್ತಿರವಾಗಿ, ಅಡಿಕೆ ಸುಲಿಯಲು ಮನೆಯಿಂದ ಕರೆ ಬರುತ್ತದೆ. ನಡುವೆ ಸಿಗುವ ಒಣದಿನ ಆರೇಳು ವಾರ. ಅಷ್ಟರಲ್ಲಿ ಹೊಸದಾಗಿ ಏನನ್ನೂ ಕಲಿಸಲಾಗದು. ಅದಕ್ಕೇ ಬಲ್ಲ ಕೋಚ್ ಮಳೆಗಾಲವನ್ನು ಕಾಯುತ್ತಾ ಕೂರುವುದಿಲ್ಲ. ಸಭಾಭವನದ ಕುರ್ಚಿ ಬದಿಗೆ ಸರಿಸಿ ಐದಾರು ಹೆಜ್ಜೆಯ ಓಟದಲ್ಲಿ ಕೊನೆಯ ಎರಡು ಹೆಜ್ಜೆಯ ಲಯ ಕಲಿಸುತ್ತಾರೆ, ತಗ್ಗಿನ ಪೆಟ್ಟಿಗೆಯ ಮೇಲಿಂದ ಟೇಕ್ ಆಫ್ ಮಾಡಿಸಿ ಮ್ಯಾಟ್ ಮೇಲೆ ಇಳಿಸುತ್ತಾರೆ, ಸೊಂಟ, ಹಿಂತೊಡೆ ಗಟ್ಟಿ ಮಾಡಿಸುತ್ತಾರೆ. ಅಕ್ಟೋಬರ್‌ನಲ್ಲಿ ಪಿಟ್‌ಗೆ ಇಳಿದಾಗ ಉಳಿಯುವುದು ಓಟದ ಅಳತೆ ಹಾಕುವ ಕೆಲಸ ಮಾತ್ರ. ಟೇಪು ಹಿಡಿದು ಹುಡುಗಿಯ ಗುರುತನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿ, ಇನ್ನೊಮ್ಮೆ ಓಡಮ್ಮ ಎನ್ನುವುದು.