ಕೆಂಪೇಗೌಡನ ನಗರರಚನೆ: ಐತಿಹ್ಯವೂ ಆಧಾರವೂ

ಯಲಹಂಕ ನಾಡಪ್ರಭು ಹಿರಿಯ ಕೆಂಪೇಗೌಡನು ಕ್ರಿ. ಶ. 1537ರಲ್ಲಿ ಬೆಂಗಳೂರು ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದನೆಂಬುದು ಸರ್ವವಿದಿತವಾದ ಸಂಗತಿ. ಅವನನ್ನು ನಗರಯೋಜಕರ ಸಾಲಿನಲ್ಲಿ ಅಗ್ರಗಣ್ಯನನ್ನಾಗಿ ವರ್ಣಿಸುವ ಬರಹಗಳೂ ಅಲ್ಪವಲ್ಲ. ಆದರೆ ಇವುಗಳಲ್ಲಿ ಬಹುಭಾಗವು ಸ್ತುತಿರೂಪವಾದುದು. ಆ ಪ್ರಭುವಿನ ಕಾರ್ಯದಲ್ಲಿ ಯಾವುದು ಆಧಾರದಿಂದ ಸಿದ್ಧವಾಗುತ್ತದೆ, ಯಾವುದು ಜನರ ಬಾಯಲ್ಲಿ ಬೆಳೆದುಬಂದಿತು, ಎಂಬ ವಿವೇಚನೆ ಅವುಗಳಲ್ಲಿ ವಿರಳ. ಇದರಿಂದ ಆಗಿರುವ ನಷ್ಟವು ಸಾಮಾನ್ಯವಲ್ಲ: ಸ್ತುತಿಸಬೇಕಾದುದು ಮರೆಯಾಗಿ, ಸಂದಿಗ್ಧವಾದುದು ಮುಂದೆ ಬಂದಿದೆ.

ಮೊದಲು ಊರಿನ ಹೆಸರು. ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂಬ ಕಥೆ ರಮ್ಯವಾದುದೇ ಸರಿ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲು, ಕ್ರಿ. ಶ. ಸುಮಾರು 890ರದು, ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಬಲ್ಲಾಳನಿಗಿಂತ ಮೂರು ಶತಮಾನ ಹಿಂದೆಯೇ ಹೆಸರಿದ್ದ ಊರಿಗೆ ಬಲ್ಲಾಳನ ಊಟದಿಂದ ಹೆಸರು ಬರುವುದು ಹೇಗೆ? ಕೊಡಿಗೆಹಳ್ಳಿಯ ಬಳಿಯ ಹಳೆ ಬೆಂಗಳೂರೆಂಬ ಗ್ರಾಮದ ಹೆಸರನ್ನು ಕೆಂಪೇಗೌಡನು ಹೊಸ ಪೇಟೆಗೆ ಇಟ್ಟನೆಂಬ ಸಂಪ್ರದಾಯವೇ ಹೆಚ್ಚು ಸಂಭಾವ್ಯ. ಮೊಲವು ಬೇಟೆನಾಯನ್ನು ಅಟ್ಟಿಸಿಕೊಂಡು ಹೋದ ಗಂಡುಭೂಮಿಯ ಕಥೆಯೂ ಹೀಗೆಯೇ. ಅದನ್ನು ವಿಜಯನಗರದ ವಿಷಯದಲ್ಲಿಯೂ ಹೇಳುತ್ತಾರೆ. ಒಂದೇ ಮೊಲವು ಇಷ್ಟು ರಾಜಧಾನಿಗಳಿಗೆ ಕಾರಣವಾಯಿತೆಂದು ಒಪ್ಪುವುದು ಕಷ್ಟ.

ನಾಲ್ಕು ನೇಗಿಲುಗಳ ಕಥೆಯು ಇದಕ್ಕಿಂತ ಗಂಭೀರವಾದುದು. ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಿಂದ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೂಡಿ, ಅವು ನಿಂತಲ್ಲಿ ಹೆಬ್ಬಾಗಿಲುಗಳನ್ನು ನಿಲ್ಲಿಸಿದರೆಂದು ಹೇಳುತ್ತಾರೆ. ಎರಡು ಮುಖ್ಯ ಬೀದಿಗಳು ಒಂದನ್ನೊಂದು ಅಡ್ಡಹಾಯುವುದು, ಅವುಗಳ ಸುತ್ತ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಸರಕಿಗೂ ಕಸುಬಿಗೂ ತಕ್ಕಂತೆ ಮೊಹಲ್ಲಗಳು ಹಂಚಿಹೋಗಿರುವುದು, ಇವು ಪ್ರತ್ಯಕ್ಷ. ಆದರೆ ಪೇಟೆಯ ರೂಪವನ್ನು ಅಳತೆಯಿಂದ ತೋರಿಸುವ ನಕ್ಷೆಗಳು ದೊರೆಯುವುದು 1791ರಲ್ಲಿ ಕಾರ್ನ್‌ವಾಲಿಸನು ಬೆಂಗಳೂರನ್ನು ಹಿಡಿದ ಕಾಲದಿಂದ. ಅಷ್ಟರಲ್ಲಿ ಎರಡೂವರೆ ಶತಮಾನಗಳು ಕಳೆದಿದ್ದುವು. 1638ರ ಸುಮಾರಿಗೆ ಬಿಜಾಪುರದವರು ಬಂದರು. ಊರು ಷಹಾಜಿಯ ಜಹಗೀರಾಯಿತು. 1687ರಲ್ಲಿ ಮೊಗಲರ ಕೈಸೇರಿ, ಅನಂತರ ಚಿಕ್ಕದೇವರಾಜ ಒಡೆಯರಿಗೆ ಬಂದಿತು. ಹೈದರನು ಮಣ್ಣಿನ ಕೋಟೆಯನ್ನು ಕಲ್ಲಿನಿಂದ ಕಟ್ಟಿಸಿದನು. ಇಷ್ಟೆಲ್ಲ ಆದಮೇಲಿನ ನಕ್ಷೆಯ ಒಂದೊಂದು ಗೆರೆಯನ್ನೂ ಮೊದಲನೆಯ ಪ್ರಭುವಿನ ಸಂಕಲ್ಪವೆಂದು ಓದುವುದು ವಿಮರ್ಶೆಯ ಮಾರ್ಗವಲ್ಲ. ನಾಲ್ಕು ಗೋಪುರಗಳ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಅವುಗಳನ್ನು ಇಮ್ಮಡಿ ಕೆಂಪೇಗೌಡನು ಕಟ್ಟಿಸಿದನೆಂಬ ಪಕ್ಷವೇ ಬಲವಾಗಿದೆ. ಊರು ಅವುಗಳನ್ನು ಮೀರಿದರೆ ಕೇಡು ಎಂಬ ಭವಿಷ್ಯವಾಣಿಗೆ ಆಧಾರವಿಲ್ಲ. ಲಾಲ್‌ಬಾಗಿನ ಬಂಡೆಯಂಥ ಎತ್ತರದ ನೆಲೆಗಳಲ್ಲಿ, ಪೇಟೆಯಿಂದ ಬಹು ದೂರದಲ್ಲಿ ನಿಂತಿರುವ ಇವು ಕಾವಲಿನ ನೆಲೆಗಳಾಗಿದ್ದುವೆಂದು ಊಹಿಸುವುದೇ ಯುಕ್ತ.

ಹಾಗಾದರೆ ಉಳಿಯುವುದೇನು? ನೀರು. ಬೆಂಗಳೂರಿಗೆ ನದಿಯಿಲ್ಲ. ಊರು ನಿಂತಿರುವುದು ಒಂದು ದಿಣ್ಣೆಯ ಬೆನ್ನಿನ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯಿಂದ ಅರ್ಕಾವತಿಗೆ, ಪೂರ್ವಕ್ಕೆ ಬಿದ್ದುದು ದಕ್ಷಿಣ ಪಿನಾಕಿನಿಗೆ ಇಳಿದುಹೋಗುತ್ತದೆ. ಇಂಥ ನೆಲದಲ್ಲಿ ಸಾವಿರಾರು ಜನ ಒಕ್ಕಲು ಕೂರಬೇಕಾದರೆ ಇಳಿಯುವ ನೀರನ್ನು ತಲೆಯಲ್ಲಿಯೇ ತಡೆಯಬೇಕು. ಸಂಪ್ರದಾಯವು ಕೆಂಪೇಗೌಡನ ಹೆಸರಿಗೆ ಸೇರಿಸುವ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳ ನೆಲೆಯನ್ನು ನೋಡಿದರೆ ಈ ಮರ್ಮವನ್ನು ತಿಳಿದವನೇ ಅವುಗಳನ್ನು ಕಟ್ಟಿಸಿದನೆಂದು ತೋರಿಬರುತ್ತದೆ. ಬೀದಿಯನ್ನು ನೇರವಾಗಿ ಎಳೆಯುವುದು ಹಗ್ಗವಿದ್ದವನಿಗೆ ಸಾಧ್ಯ. ಏರಿಯನ್ನು ಎಲ್ಲಿ ಹಾಕಬೇಕು, ಕೋಡಿಯನ್ನು ಯಾವ ಕಡೆಗೆ ಬಿಡಬೇಕು ಎಂಬುದು ನೆಲವನ್ನು ಬಲ್ಲವನ ವಿದ್ಯೆ.

ಈ ವಿದ್ಯೆಯು ಕೆಂಪೇಗೌಡನೊಬ್ಬನದೇ ಅಲ್ಲವೆಂಬುದನ್ನು ತಿಳಿಯಲು ಸೂಲಿಬೆಲೆಯ ಕಡೆಯಿಂದ ನೋಡಬೇಕು. ಹೊಸಕೋಟೆ ತಾಲ್ಲೂಕಿನ ಈ ಹೋಬಳಿಯು ಎರಡು ಪ್ರಭುಮನೆತನಗಳ ಸೀಮೆಗಳ ನಡುವೆ ಇದೆ. ಇದರ ವಾಯವ್ಯಕ್ಕೆ ದೇವನಹಳ್ಳಿ, ಅದರಾಚೆ ಆವತಿ. ಕೆಂಪೇಗೌಡನ ಪೂರ್ವಿಕರೂ, 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದ ಮಲ್ಲಭೈರೇಗೌಡನ ಮನೆತನವೂ ಮೂಲತಃ ಆವತಿಗೆ ಬಂದು ನೆಲಸಿದ ಒಕ್ಕಲಿಗ ಕುಲದವರು. ಇದರ ದಕ್ಷಿಣಕ್ಕೆ ಹೊಸಕೋಟೆ. ಪೆನುಕೊಂಡೆಯ ಅರಸನಿಂದ ಚಿಕ್ಕರಾಯನೆಂಬ ಬಿರುದನ್ನು ಪಡೆದ ಸುಗಟೂರಿನ ತಮ್ಮೇಗೌಡನು ಕೋಲಾರದ ಹಳೆಯ ಕೋಟೆಗೆ ಎದುರಾಗಿ ಈ ‘ಹೊಸ ಕೋಟೆ’ಯನ್ನು 1595ರ ಸುಮಾರಿಗೆ ಕಟ್ಟಿಸಿದನೆಂದು ರೈಸ್ ಸಾಹೇಬರು ಬರೆದಿದ್ದಾರೆ. ಆಗಲೇ ಆದ ಕೆರೆಯ ಏರಿ ಎರಡು ಮೈಲಿ ಉದ್ದ. ಕೋಟೆ, ಪೇಟೆ, ಕೆರೆ, ಈ ಮೂರನ್ನೂ ಒಟ್ಟಿಗೆ ಎತ್ತುವ ಕ್ರಮ ಇಲ್ಲಿಯೂ ಅದೇ. ಎಂದರೆ ಇದು ಈ ಸೀಮೆಯ ಗೌಡಪ್ರಭುಗಳ ಸಾಮಾನ್ಯ ಪದ್ಧತಿ. ಅದನ್ನು ನದಿಯೇ ಇಲ್ಲದ ದಿಣ್ಣೆಯ ಮೇಲೆ ನಡೆಸಿದುದು ಕೆಂಪೇಗೌಡನ ವಿಶೇಷ. ತಮ್ಮೇಗೌಡನಿಗೆ ಪಿನಾಕಿನಿಯಾದರೂ ಇತ್ತು. ಬಿಜಾಪುರದ ಸೈನ್ಯವು ಎರಡು ಊರುಗಳನ್ನೂ ಒಂದೇ ದಂಡಯಾತ್ರೆಯಲ್ಲಿ ಹಿಡಿಯಿತು. ಒಂದು ರಾಜಧಾನಿಯಾಯಿತು, ಇನ್ನೊಂದು ತಾಲ್ಲೂಕು ಕಸಬೆಯಾಗಿ ಉಳಿಯಿತು. ಸ್ಥಾಪಕರ ಕೀರ್ತಿಯೂ ಅದೇ ಪ್ರಮಾಣದಲ್ಲಿ ಹಂಚಿಹೋಯಿತು. ಇದು ನ್ಯಾಯವಾದ ಅಳತೆಯೆಂದು ಹೇಳಲಾಗದು.

ಕೆಂಪೇಗೌಡನ ಪರಂಪರೆಯನ್ನು ಉತ್ತರಕಾಲದವರು ನಡೆಸಿಕೊಂಡ ರೀತಿಯಂತೂ ವಿಚಿತ್ರವಾಗಿದೆ. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗಳಲ್ಲಿ ಬಂದಮೇಲೆ ಊರೊಳಗಿನ ಕೆರೆಗಳ ಮೇಲಿನ ಆದರವು ತಗ್ಗಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದ ವಿಧಿಗಾಗಿ ಒಂದು ಸಣ್ಣ ಕೊಳ ಮಾತ್ರ ಉಳಿದಿದೆ. ಧರ್ಮಾಂಬುಧಿಯ ಅಂಗಳ ಬಸ್ಸು ನಿಲ್ದಾಣವಾಯಿತು, ಆ ನಿಲ್ದಾಣಕ್ಕೆ ಕೆಂಪೇಗೌಡನ ಹೆಸರನ್ನೇ ಇಟ್ಟರು. ಅವನು ಕಟ್ಟಿದುದನ್ನು ಮುಚ್ಚಿ ಅದರ ಮೇಲೆ ಅವನ ಹೆಸರನ್ನು ಬರೆಯುವ ಈ ಪೂಜಾಕ್ರಮವು ಬೇರೆ ಯಾವ ದೇವರಿಗೂ ಸಲ್ಲದು. 1964ರಲ್ಲಿ ನಗರಸಭೆಯ ಮುಂದೆ ಅವನ ಪ್ರತಿಮೆ ನಿಂತಿತು. 2013ರಲ್ಲಿ ದೇವನಹಳ್ಳಿ ತಾಲ್ಲೂಕಿನ ವಿಮಾನನಿಲ್ದಾಣಕ್ಕೆ ಅವನ ಹೆಸರು ಬಂದಿತು. 2022ರಲ್ಲಿ ಅಲ್ಲಿ 108 ಅಡಿಯ ಪ್ರತಿಮೆಯೂ ಅನಾವರಣವಾಯಿತು. ಆವತಿಯ ವಂಶದವನು ಹೀಗೆ ಪೂರ್ವಿಕರ ಸೀಮೆಗೆ ಮರಳಿದುದು ಆಕಸ್ಮಿಕವಾದರೂ ಉಚಿತವಾಗಿದೆ.

ಅವನ ನಗರವೂ ಅವನ ಹಿಂದೆಯೇ ಬಂದಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಕೂಡಿಸುವ ಉಪನಗರ ವರ್ತುಲ ರಸ್ತೆ ಸೂಲಿಬೆಲೆಯನ್ನು ಹಾದುಹೋಗುತ್ತದೆ. ಕೋಲಾರದ ಕೆರೆಗಳಿಗೆ 2018ರಿಂದ ಹರಿಯುತ್ತಿರುವುದು ಬೆಂಗಳೂರಿಗರು ಬಳಸಿ ಬಿಟ್ಟು, ಶುದ್ಧೀಕರಿಸಿ ಏರಿಸಿದ ನೀರು. ಸುಗಟೂರಿನವರ ಸೀಮೆಗೆ ಕೆಂಪೇಗೌಡನ ಊರಿನ ನೀರು ಹೀಗೆ ತಲಪುವುದೆಂದು ಇಬ್ಬರಲ್ಲಿ ಯಾರೂ ಊಹಿಸಿರಲಾರರು. ಎಪಿಗ್ರಾಫಿಯ ಕರ್ಣಾಟಿಕದ 9 ಮತ್ತು 10ನೆಯ ಸಂಪುಟಗಳಲ್ಲಿ ಹೊಸಕೋಟೆ, ದೇವನಹಳ್ಳಿ, ಕೋಲಾರ ಸೀಮೆಗಳ ಶಾಸನಗಳು ಅಚ್ಚಾಗಿ ನೂರು ವರ್ಷ ಮೀರಿತು. ರಾಜರ ವಂಶಾವಳಿಗಾಗಿ ಅವುಗಳನ್ನು ಶೋಧಿಸಿದವರು ಅನೇಕರು. ಕೆರೆ, ತೂಬು, ಕಟ್ಟುಕೊಡಗೆಗಳಿಗಾಗಿ ಸಾಲುಸಾಲಾಗಿ ಓದಿ, ಹಳ್ಳಿಹಳ್ಳಿಯ ಏರಿಯ ಮೇಲೆ ನಿಂತು ತಾಳೆ ನೋಡುವ ಕೆಲಸ ಇನ್ನೂ ಬಹುಮಟ್ಟಿಗೆ ಬಾಕಿಯಿದೆ.